ಸೆಲ್ಫ್ ಹೊಡೆದರೆ ಎಂಜಿನ್ ನರಳುತ್ತಾ ತಿರುಗುತ್ತದೆ. ಬ್ಯಾಟರಿ ಬದಲಾಯಿಸಿದರೂ ಹೋಗದ ತೊಂದರೆ

ಉಣಗೋಲು

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ, ಮುಖ್ಯರಸ್ತೆ ಬಿಟ್ಟು ಮೂರು ಕಿಲೋಮೀಟರ್ ಒಳಗಿದೆ. ಕಾರು 2004ರದು, ಮೂರು ಸಿಲಿಂಡರಿನ, 800 ಸಿಸಿಯ ಪೆಟ್ರೋಲ್ ಗಾಡಿ. ಕಳೆದ ಜೂನ್ ತಿಂಗಳಿನಿಂದ ಬೆಳಿಗ್ಗೆ ಕೀಲಿ ತಿರುಗಿಸಿದರೆ ಸೆಲ್ಫ್ ಮೋಟಾರು ಎಂಜಿನ್ನನ್ನು ಎಳೆಯಲಾರದೆ ಎಳೆಯುತ್ತದೆ. ಎರಡು ಸುತ್ತು ಬರುವಷ್ಟರಲ್ಲಿ ನಿಂತೇ ಹೋಗುತ್ತದೇನೋ ಎನ್ನುವಂತೆ ನರಳುತ್ತದೆ. ಒಮ್ಮೆ ಹತ್ತಿಕೊಂಡರೆ ದಿನವಿಡೀ ದೊಡ್ಡ ತಕರಾರಿಲ್ಲ.

ಮೊದಲು ಬ್ಯಾಟರಿ ಹಳೆಯದಾಯಿತೆಂದು ಹೊಸದನ್ನು ಹಾಕಿಸಿದೆ. ಒಂದು ವಾರ ಸುಧಾರಿಸಿದಂತೆ ಕಂಡು, ಮತ್ತೆ ಅದೇ ಪಾಡಾಯಿತು. ಬಳಿಕ ಸೆಲ್ಫ್ ಬಿಚ್ಚಿಸಿ ಬುಷ್ (ತಿರುಗುವ ದಂಡವನ್ನು ಹಿಡಿದಿಡುವ ಬಳೆ) ಮತ್ತು ಕಾರ್ಬನ್ ಬ್ರಷ್ (ತಿರುಗುವ ಭಾಗಕ್ಕೆ ವಿದ್ಯುತ್ತು ಮುಟ್ಟಿಸುವ ತುಂಡು) ಎರಡನ್ನೂ ಹೊಸದು ಮಾಡಿಸಿದೆ, ಅದರಿಂದಲೂ ಪ್ರಯೋಜನವಾಗಲಿಲ್ಲ. ಪಕ್ಕದ ಮನೆಯವರ ಜೀಪಿನಿಂದ ಜಂಪರ್ ಕೇಬಲ್ ಎಳೆದು ಎರಡೂ ಬ್ಯಾಟರಿ ಸೇರಿಸಿ ನೋಡಿದಾಗಲೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಇದರ ನಡುವೆ ಕ್ಲಚ್ ಕೇಬಲ್ ಬಿಗಿಯಾಗಿ ಎರಡು ಬಾರಿ ಬದಲಾಯಿಸಬೇಕಾಯಿತು, ಅದು ಬೇರೆ ಕತೆ. ಸದ್ಯ ಬೆಳಿಗ್ಗೆ ಸೆಲ್ಫ್ ಕೈಕೊಟ್ಟರೆ ಉರುಳಿಸಿ ಹತ್ತಿಸಲೆಂದು ರಾತ್ರಿ ಕಾರನ್ನು ಅಂಗಳದ ಇಳಿಜಾರಿನಲ್ಲಿ ಉಣಗೋಲಿನ (ಅಡ್ಡಗೋಲುಗಳ ಗೇಟಿನ) ಕಡೆಗೆ ಮುಖ ಮಾಡಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು ಮಲಗುತ್ತಿದ್ದೇನೆ. ಇನ್ನು ಯಾವುದಕ್ಕೆ ದುಡ್ಡು ಸುರಿಯಬೇಕೆಂದು ತಿಳಿದವರು ಹೇಳಿದರೆ ಉಪಕಾರವಾಗುತ್ತದೆ.

ಹಳೆಗಾಡಿ ಹೊಸನಗರ

ಎಂಜಿನ್ ಆಯಿಲ್ ಯಾವುದು ಹಾಕಿದ್ದೀರಿ? 20ಡಬ್ಲ್ಯೂ-50 ಹಾಕಿದ್ದರೆ ಬೆಳಗಿನ ಚಳಿಗೆ ಅದು ಗಟ್ಟಿಯಾಗಿ ಎಂಜಿನ್ನನ್ನು ಹಿಡಿದುಕೊಳ್ಳುತ್ತದೆ. ತೆಳುವಾದ ಆಯಿಲ್ ಹಾಕಿಸಿ, ಸರಿಹೋಗುತ್ತದೆ.

ನಿವೃತ್ತ ಭೌತಶಾಸ್ತ್ರ, ಸಾಗರ

ಹೊಸನಗರದವರು ಹೇಳಿದ್ದು ಹಿಮ ಬೀಳುವ ದೇಶಗಳಿಗೆ ಒಪ್ಪುವ ಮಾತು. ಡಬ್ಲ್ಯೂ ಅಕ್ಷರಕ್ಕೆ ಮೊದಲು ಬರುವ ಅಂಕಿ ಚಳಿಯಲ್ಲಿನ ಗುಣವನ್ನು ಸೂಚಿಸುತ್ತದೆಂಬುದು ನಿಜ. ಆದರೆ 20ಡಬ್ಲ್ಯೂ ಆಯಿಲಿನಲ್ಲಿ ಎಂಜಿನ್ ತಿರುಗಬಲ್ಲದೇ ಎಂಬ ಪರೀಕ್ಷೆಯನ್ನು ನಡೆಸುವುದು ಸೊನ್ನೆಗಿಂತ 15 ಡಿಗ್ರಿ ಕೆಳಗೆ, 15ಡಬ್ಲ್ಯೂಗೆ 20 ಡಿಗ್ರಿ ಕೆಳಗೆ. ನಮ್ಮಲ್ಲಿ ಧನುರ್ಮಾಸದ ನಸುಕಿನಲ್ಲೂ ಹಾಗೆ ಹೆಪ್ಪುಗಟ್ಟುವ ಚಳಿ ಬಂದದ್ದಿಲ್ಲ. ಮೇಲಾಗಿ ತೊಂದರೆ ಶುರುವಾದದ್ದು ಜೂನ್ ತಿಂಗಳಿನಲ್ಲಿ ಎಂದು ಅವರೇ ಬರೆದಿದ್ದಾರೆ. ಚಳಿಯಲ್ಲಿ ಅಲ್ಲ, ಮಳೆಯಲ್ಲಿ.

ಹಳೆಗಾಡಿ ಹೊಸನಗರ

ಒಪ್ಪಿದೆ ಮೇಷ್ಟ್ರೇ. ಆದರೂ ಆಯಿಲ್ ಬದಲಾಯಿಸಿ ಯಾರೂ ಕೆಟ್ಟಿಲ್ಲ.

ಕಾರ್ಬನ್ ಬ್ರಷ್

ನಾನು ಶಿವಮೊಗ್ಗದಲ್ಲಿ 22 ವರ್ಷಗಳಿಂದ ಆಟೋ ಎಲೆಕ್ಟ್ರಿಷಿಯನ್ ಕೆಲಸ ಮಾಡುತ್ತಿದ್ದೇನೆ. ಸೆಲ್ಫ್ ನಿಧಾನವಾಗಿ ತಿರುಗುತ್ತದೆ ಎಂದು ಬರುವ ಗಾಡಿಗಳಲ್ಲಿ ಹೆಚ್ಚಿನವಕ್ಕೆ ಬ್ಯಾಟರಿ ಇಲ್ಲವೇ ಬುಷ್ ಕಾರಣವಾಗಿರುತ್ತದೆ. ಬುಷ್ ಸವೆದರೆ ಆರ್ಮೇಚರ್, ಅಂದರೆ ಮೋಟಾರಿನ ತಿರುಗುವ ಭಾಗ, ತನ್ನ ನಡುವಿನಲ್ಲಿ ನಿಲ್ಲದೆ ಒಂದು ಪಕ್ಕಕ್ಕೆ ವಾಲಿ, ಒಳಗಿನ ಗೋಡೆಗೆ ಉಜ್ಜುತ್ತದೆ. ಆಗ ಮೋಟಾರಿನ ಅರ್ಧ ಶಕ್ತಿ ತನ್ನನ್ನು ತಾನು ಎಳೆದುಕೊಳ್ಳುವುದಕ್ಕೇ ಮುಗಿಯುತ್ತದೆ. ಬಿಚ್ಚಿದವರು ಬುಷ್ ಹಾಕಿದರು ಸರಿ, ಆದರೆ ಅದನ್ನು ಅಳತೆಗೆ ತಕ್ಕಂತೆ ಕೂರಿಸಿದರೇ, ಬ್ರಷ್ ಉಜ್ಜುವ ತಾಮ್ರದ ಕಮ್ಯುಟೇಟರನ್ನು ಲೇತಿಗೆ ಕೊಟ್ಟು ಸಮ ಮಾಡಿಸಿದರೇ ಎಂದು ಕೇಳಿ. ಬರಿಯ ಬ್ರಷ್ ಬದಲಾಯಿಸಿ ಹೊರಗೆ ಬಣ್ಣ ಬಳಿದು ಕಳುಹಿಸುವವರೂ ಇದ್ದಾರೆ.

ಘಾಟಿ ಚಾಲಕ

ಸೆಲ್ಫ್ ಮೇಲೆ ಸುತ್ತಿಗೆಯಲ್ಲಿ ಎರಡೇಟು ಕೊಡಿ. ನಾನು ಹದಿನಾಲ್ಕು ತಿರುವಿನ ಘಾಟಿಯಲ್ಲಿ ಎಷ್ಟೋ ಸಲ ಹಾಗೆಯೇ ಗಾಡಿ ಎಬ್ಬಿಸಿದ್ದೇನೆ.

ಕಾರ್ಬನ್ ಬ್ರಷ್

ಘಾಟಿಯವರೇ, ಆ ಏಟಿನಿಂದ ಸಿಕ್ಕಿಕೊಂಡ ಬ್ರಷ್ ಸಡಿಲವಾಗಿ ಒಂದು ಸಲ ಕೆಲಸ ಮಾಡಬಹುದು ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಈಗಿನ ಅನೇಕ ಸೆಲ್ಫ್ ಮೋಟಾರುಗಳಲ್ಲಿ ಸುತ್ತಿದ ತಂತಿಯ ಬದಲು ಕಾಯಂ ಆಯಸ್ಕಾಂತಗಳನ್ನು ಅಂಟಿಸಿರುತ್ತಾರೆ. ಅವು ಪಿಂಗಾಣಿಯ ಹಾಗೆ ಬಿರುಸು. ಏಟಿಗೆ ಬಿರುಕು ಬಿಟ್ಟರೆ ಚೂರುಗಳು ಆರ್ಮೇಚರಿಗೆ ಸಿಕ್ಕಿ ಇಡೀ ಮೋಟಾರು ಗುಜರಿಗೆ ಹೋಗುತ್ತದೆ. ಆ ಮೇಲೆ ಅದನ್ನು ನನ್ನ ಬಳಿಗೇ ತರುತ್ತೀರಿ, ಸುತ್ತಿಗೆಯ ವಿಷಯ ಮಾತ್ರ ಹೇಳುವುದಿಲ್ಲ.

ಜಡಿಮಳೆ

ನಾನು ಕೊಪ್ಪದ ಕಡೆಯವಳು. ಇಪ್ಪತ್ತು ವರ್ಷಗಳಿಂದ ಇಂಥದೇ ರಸ್ತೆಗಳಲ್ಲಿ ಕಾರು ಓಡಿಸುತ್ತಿದ್ದೇನೆ. ಉಣಗೋಲಿನವರಿಗೆ ನನ್ನದೊಂದು ಪ್ರಶ್ನೆ. ಕತ್ತಲೆಯಲ್ಲಿ ಹೆಡ್‌ಲೈಟ್ ಹಾಕಿ, ದರೆಗೆ (ಮಣ್ಣಿನ ಗೋಡೆಗೆ) ಬೆಳಕು ಬೀಳುವ ಹಾಗೆ ನಿಲ್ಲಿಸಿ ಸೆಲ್ಫ್ ಹೊಡೆದರೆ ಆ ಬೆಳಕು ಏನಾಗುತ್ತದೆ? ದೀಪ ಸೊರಗಿ ಕೆಂಪಗಾದರೆ ಬ್ಯಾಟರಿ ಬಸವಳಿದಿದೆ, ಇಲ್ಲವೇ ಮೋಟಾರು ವಿಪರೀತ ವಿದ್ಯುತ್ತು ಎಳೆಯುತ್ತಿದೆ ಎಂದರ್ಥ. ದೀಪ ಉರಿಯುತ್ತಲೇ ಇದ್ದು ಮೋಟಾರು ಮಾತ್ರ ನರಳಿದರೆ ವಿದ್ಯುತ್ತು ಮೋಟಾರನ್ನು ಸಾಕಷ್ಟು ತಲುಪುತ್ತಿಲ್ಲ. ಇದು ಒಂದು ರೂಪಾಯಿ ಖರ್ಚಿಲ್ಲದ ಪರೀಕ್ಷೆ.

ಉಣಗೋಲು

ಈಗ ತಾನೇ ನೋಡಿ ಬಂದೆ ಅಕ್ಕ. ಬೆಳಕು ತುಸು ಕುಗ್ಗಿತು, ಅಷ್ಟೇ. ದರೆಯ ಮೇಲಿನ ಹಾವಸೆ ಸ್ಪಷ್ಟವಾಗಿ ಕಾಣುವಷ್ಟು ಬೆಳಕು ಕೊನೆಯವರೆಗೂ ಇತ್ತು. ಮೋಟಾರು ಮಾತ್ರ ಎಂದಿನಂತೆ ನರಳಿತು.

ಸೊಪ್ಪಿನಬೆಟ್ಟ

ಬ್ಯಾಟರಿ ನೀರು ನೋಡಿದ್ದೀರಾ? ನಾವು ಮಳೆನೀರು ಹಿಡಿದು ಹಾಕುತ್ತೇವೆ. ಆಕಾಶದಿಂದ ಬರುವ ನೀರಿಗಿಂತ ಶುದ್ಧವಾದದ್ದು ಯಾವುದಿದೆ?

ನಿವೃತ್ತ ಭೌತಶಾಸ್ತ್ರ, ಸಾಗರ

ಆಕಾಶದಿಂದ ಹೊರಟಾಗ ಅದು ಶುದ್ಧವೇ. ನಿಮ್ಮ ಹೆಂಚಿನ ಮಾಡಿನ ಪಾಚಿ, ಧೂಳು ಮತ್ತು ಹರಣಿಯ ತುಕ್ಕನ್ನು ತೊಳೆದುಕೊಂಡು ಬಂದ ಮೇಲೆ ಅಲ್ಲ. ಬ್ಯಾಟರಿಯೊಳಗೆ ಬಿದ್ದ ಕಬ್ಬಿಣದ ಅಂಶ ಹೊರಗೆ ಹೋಗುವುದಿಲ್ಲ. ಅದು ಒಳಗೇ ಇದ್ದು, ಗಾಡಿ ನಿಂತಿರುವಾಗಲೂ ಚಾರ್ಜನ್ನು ತಿನ್ನುತ್ತದೆ. ಡಿಸ್ಟಿಲ್ಡ್ ವಾಟರ್ ದುಬಾರಿಯ ವಸ್ತುವೇನಲ್ಲ. ನೀರಿನ ಬದಲು ಆ್ಯಸಿಡ್ ತುಂಬುವವರೂ ಇದ್ದಾರೆ. ಆವಿಯಾಗಿ ಹೋಗುವುದು ನೀರು ಮಾತ್ರ, ಆ್ಯಸಿಡ್ ಒಳಗೇ ಉಳಿದಿರುತ್ತದೆ.

ಇರಲಿ, ವಿಷಯಕ್ಕೆ ಬರೋಣ. ಜಡಿಮಳೆಯವರ ಪ್ರಶ್ನೆಗೆ ಬಂದ ಉತ್ತರ ಬಹಳ ಮುಖ್ಯವಾದದ್ದು. ಉಣಗೋಲಿನವರೇ, ನಿಮ್ಮಲ್ಲಿ ಮಲ್ಟಿಮೀಟರ್ ಇದ್ದರೆ ಅದನ್ನು ಡಿ.ಸಿ. 20 ವೋಲ್ಟಿನ ಅಳತೆಗೆ ಇಟ್ಟು, ರಾತ್ರಿಯಿಡೀ ನಿಂತ ಗಾಡಿಯಲ್ಲಿ ಬ್ಯಾಟರಿ ಎಷ್ಟು ತೋರಿಸುತ್ತದೆ, ಸೆಲ್ಫ್ ಹೊಡೆಯುವಾಗ ಎಷ್ಟಕ್ಕೆ ಇಳಿಯುತ್ತದೆ, ಎಂಜಿನ್ ಓಡುವಾಗ ಎಷ್ಟಕ್ಕೆ ಏರುತ್ತದೆ ಎಂಬ ಮೂರು ಅಂಕಿಗಳನ್ನು ಬರೆದು ಕಳುಹಿಸಿ. ಚಾರ್ಜ್ ತುಂಬಿದ ಬ್ಯಾಟರಿ ವಿಶ್ರಾಂತಿಯಲ್ಲಿ 12.6ರ ಆಸುಪಾಸು ಇರಬೇಕು, 12.2 ಎಂದರೆ ಅರ್ಧ ಖಾಲಿ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಇಳಿಯಬಾರದು. ಎಂಜಿನ್ ಓಡುವಾಗ 13.8ರಿಂದ 14.4ರವರೆಗೆ ಇರುವುದು ವಾಡಿಕೆ.

ಉಣಗೋಲು

ವಿಶ್ರಾಂತಿಯಲ್ಲಿ 12.4, ಸೆಲ್ಫ್ ಹೊಡೆಯುವಾಗ 11.3, ಎಂಜಿನ್ ಓಡುವಾಗ 13.4 ಬಂತು. ಕೀಲಿ ತಿರುಗಿಸಿದವರು ಅಮ್ಮ, ಮೀಟರು ಹಿಡಿದವನು ನಾನು.

ತುಂಗಾತೀರ

13.4 ಎಂದರೆ ಬ್ಯಾಟರಿಗೆ ಚಾರ್ಜ್ ಕೊಡುವ ಡೈನಮೋ ಕೆಟ್ಟಿದೆ. ಇದೇ ನಿಮ್ಮ ರೋಗ. ಚಾರ್ಜ್ ಪೂರ್ತಿ ಆಗುತ್ತಿಲ್ಲ, ಆದ್ದರಿಂದ ಬೆಳಿಗ್ಗೆ ಸೆಲ್ಫ್ ಎಳೆಯುತ್ತಿಲ್ಲ. ಡೈನಮೋ ಬಿಚ್ಚಿಸಿ.

ನಿವೃತ್ತ ಭೌತಶಾಸ್ತ್ರ, ಸಾಗರ

ದಯವಿಟ್ಟು ಬಿಚ್ಚಿಸಬೇಡಿ. ಬ್ಯಾಟರಿಗೆ ಶಕ್ತಿಯಿಲ್ಲದ ಕಾರಣ ಮೋಟಾರು ನರಳುತ್ತಿದ್ದರೆ, ಆ ಹೊತ್ತಿಗೆ ಬ್ಯಾಟರಿಯ ವೋಲ್ಟೇಜು 9ಕ್ಕೋ 8ಕ್ಕೋ ಕುಸಿಯಬೇಕಿತ್ತು. ಇಲ್ಲಿ ಅದು 11.3ರಲ್ಲಿ ನಿರಾಳವಾಗಿ ನಿಂತಿದೆ. ಬುಷ್ ಸವೆದು ಮೋಟಾರು ಬಿಗಿದುಕೊಂಡಿದ್ದರೂ ಅದು ಹೆಚ್ಚು ವಿದ್ಯುತ್ತನ್ನು ಎಳೆದು ಬ್ಯಾಟರಿಯನ್ನು ಬಗ್ಗಿಸುತ್ತಿತ್ತು. ಎರಡೂ ಆಗಿಲ್ಲವೆಂದರೆ ನಡುವೆ ಎಲ್ಲೋ ದಾರಿ ಕಟ್ಟಿಕೊಂಡಿದೆ.

ಕಾರ್ಬನ್ ಬ್ರಷ್

ಮೇಷ್ಟ್ರು ಹೇಳುವುದು ಸರಿಯಾಗಿದೆ. ಬುಷ್ ಎಂದು ಹೇಳಿದ ಮಾತನ್ನು ನಾನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಅದಲ್ಲದೆ, ಮೊದಲನೆಯ ಪತ್ರವನ್ನು ಮತ್ತೆ ಓದಿದಾಗ ನನ್ನ ತಲೆಗೆ ಹೊಡೆದಂತಾಯಿತು. ಕ್ಲಚ್ ಕೇಬಲ್ ಎರಡು ಬಾರಿ ಬಿಗಿಯಾಯಿತು, ಅದು ಬೇರೆ ಕತೆ ಎಂದು ಬರೆದಿದ್ದೀರಿ. ಅದು ಬೇರೆ ಕತೆಯಲ್ಲ ಮಾರಾಯ್ರೇ, ಅದೇ ಕತೆ.

ಎಂಜಿನ್ ರಬ್ಬರ್ ಮೌಂಟುಗಳ ಮೇಲೆ ಕೂತಿರುತ್ತದೆ. ಅದಕ್ಕೂ ಬಾಡಿಗೂ ವಿದ್ಯುತ್ತಿನ ನಂಟು ಇರುವುದು ಒಂದು ದಪ್ಪ ಅರ್ಥಿಂಗ್ ವೈರಿನ ಮೂಲಕ. ಸೆಲ್ಫ್ ಮೋಟಾರಿಗೆ ಕೆಂಪು ವೈರಿನಿಂದ ಬಂದ ವಿದ್ಯುತ್ತು ಎಂಜಿನ್ನಿನ ಮೈಯಿಂದ ಈ ಅರ್ಥಿಂಗ್ ವೈರನ್ನು ಹಿಡಿದೇ ಬ್ಯಾಟರಿಗೆ ಹಿಂತಿರುಗಬೇಕು. ಆ ವೈರು ಕೊಳೆತರೆ ವಿದ್ಯುತ್ತು ಸುಮ್ಮನಿರುವುದಿಲ್ಲ, ಎಂಜಿನ್ನಿಗೂ ಬಾಡಿಗೂ ನಡುವೆ ಇರುವ ಬೇರೆ ಲೋಹವನ್ನು ಹುಡುಕುತ್ತದೆ. ಅಂಥ ಲೋಹವೆಂದರೆ ಕ್ಲಚ್ ಕೇಬಲ್, ಆಕ್ಸಿಲರೇಟರ್ ಕೇಬಲ್, ಗೇರಿನ ಕಡ್ಡಿ. ಕೇಬಲ್ಲಿನ ಒಳತಂತಿ ಕಾದು ಅದರ ಪ್ಲಾಸ್ಟಿಕ್ ಒಳಪದರ ಕರಗಿ ಅಂಟಿಕೊಳ್ಳುತ್ತದೆ. ಕೇಬಲ್ ಕೆಟ್ಟಿತೆಂದು ಹೊಸದು ಹಾಕುತ್ತಾರೆ, ಅದೂ ಕರಗುತ್ತದೆ. ಇಂಥ ಮೂರು ಗಾಡಿಗಳನ್ನು ನಾನೇ ನೋಡಿದ್ದೇನೆ. ಮೂರೂ ಘಟ್ಟದ ಮಳೆಯಲ್ಲಿ ನಿಂತವು.

ಸೊಪ್ಪಿನಬೆಟ್ಟ

ಆದರೆ ಅರ್ಥಿಂಗ್ ವೈರು ತುಂಡಾಗಿದ್ದರೆ ಗ್ಯಾರೇಜಿನವರಿಗೆ ಕಾಣುತ್ತಿರಲಿಲ್ಲವೇ?

ಉಣಗೋಲು

ಅದನ್ನೇ ನಾನೂ ಕೇಳಬೇಕೆಂದಿದ್ದೆ. ಸೆಲ್ಫ್ ಬಿಚ್ಚಿದಾಗ ಅವರು ಮೀಟರಿನಲ್ಲಿ ಅರ್ಥ್ ನೋಡಿದ್ದರು. ಬೀಪ್ ಶಬ್ದ ಬಂತು, ಚೆನ್ನಾಗಿದೆ ಎಂದಿದ್ದರು.

ನಿವೃತ್ತ ಭೌತಶಾಸ್ತ್ರ, ಸಾಗರ

ಆ ಬೀಪ್ ಶಬ್ದವನ್ನು ನಂಬಿ ಮೋಸಹೋದವರು ಬಹಳ ಮಂದಿ. ಮೀಟರು ಆ ಪರೀಕ್ಷೆಯಲ್ಲಿ ಹರಿಸುವುದು ಆಂಪಿಯರಿನ ಸಾವಿರದಲ್ಲೊಂದು ಪಾಲಿನಷ್ಟು ವಿದ್ಯುತ್ತನ್ನು; ನೂರು ಎಳೆಗಳಲ್ಲಿ ತೊಂಬತ್ತೈದು ಕೊಳೆತು ಐದು ಉಳಿದಿದ್ದರೂ ಅದಕ್ಕೆ ಆ ದಾರಿ ಸಾಕು. ಸೆಲ್ಫ್ ಮೋಟಾರು ಕೇಳುವುದು ನೂರು ಆಂಪಿಯರಿನ ಹತ್ತಿರ. ಓಮನ ನಿಯಮವನ್ನು ಇಲ್ಲಿ ಹಾಕಿ ನೋಡಿ. ದಾರಿಯಲ್ಲಿ 0.03 ಓಮ್‌ನಷ್ಟು ತಡೆಯಿದ್ದರೆ ಸಾಮಾನ್ಯ ಮೀಟರು ಅದನ್ನು ಸೊನ್ನೆಯೆಂದೇ ತೋರಿಸುತ್ತದೆ. ಆದರೆ ನೂರು ಆಂಪಿಯರ್ ಹರಿದಾಗ ಅಲ್ಲಿ 3 ವೋಲ್ಟ್ ಕಳೆದುಹೋಗುತ್ತದೆ. ಕಾಲುಸಂಕದ ಮೇಲೆ ಒಬ್ಬ ಮನುಷ್ಯ ದಾಟಿದನೆಂದು ಅಡಿಕೆ ತುಂಬಿದ ಗಾಡಿಯನ್ನು ಅದರ ಮೇಲೆ ಓಡಿಸಲಾಗದು.

ಆದ್ದರಿಂದ ತಡೆಯನ್ನು ಅಳೆಯಬೇಡಿ, ಭಾರ ಹೊತ್ತಿರುವಾಗ ಕಳೆದುಹೋಗುವ ವೋಲ್ಟನ್ನು ಅಳೆಯಿರಿ. ಮೀಟರಿನ ಒಂದು ಮೊನೆ ಬ್ಯಾಟರಿಯ ಋಣ ಕಂಬದ ಮೇಲೆಯೇ ಇರಲಿ, ಅದರ ಕ್ಲಾಂಪಿನ ಮೇಲಲ್ಲ. ಇನ್ನೊಂದು ಮೊನೆಯನ್ನು ಎಂಜಿನ್ನಿನ ಬರಿಯ ಲೋಹಕ್ಕೆ ಒತ್ತಿ ಹಿಡಿದು ಸೆಲ್ಫ್ ಹೊಡೆಸಿ. 0.2 ಅಥವಾ 0.3 ವೋಲ್ಟಿನೊಳಗೆ ಬಂದರೆ ಅರ್ಥ್ ಚೆನ್ನಾಗಿದೆ. ಹಾಗೆಯೇ ಧನ ಕಂಬದಿಂದ ಸೆಲ್ಫ್ ಮೋಟಾರಿನ ದಪ್ಪ ಬೋಲ್ಟಿಗೆ ಹಿಡಿದು ನೋಡಿ, ಅಲ್ಲಿ 0.5ರವರೆಗೆ ಕ್ಷಮಿಸಬಹುದು. ಗೇರು ನ್ಯೂಟ್ರಲ್‌ನಲ್ಲಿರಲಿ. ಒಂದು ಸಲಕ್ಕೆ ಹತ್ತು ಸೆಕೆಂಡಿಗಿಂತ ಹೆಚ್ಚು ಹೊಡೆಯಬೇಡಿ. ನಡುವೆ ಒಂದು ನಿಮಿಷ ಮೋಟಾರು ತಣಿಯಲಿ.

ಕಾರ್ಬನ್ ಬ್ರಷ್

ಮೀಟರು ಇಲ್ಲದವರಿಗೂ ದಾರಿಯಿದೆ. ಐದಾರು ಸೆಕೆಂಡು ಸೆಲ್ಫ್ ಹೊಡೆದು ನಿಲ್ಲಿಸಿ, ಕೂಡಲೇ ಒಂದೊಂದು ಜೋಡಣೆಯನ್ನು ಕೈಯಿಂದ ಮುಟ್ಟಿ ನೋಡಿ. ಬಿಸಿಯಾದ ಜೋಡಣೆಯೇ ಕಳ್ಳ. ಇನ್ನೂ ನಿಖರವಾಗಿ ಬೇಕಿದ್ದರೆ ಜಂಪರ್ ಕೇಬಲ್ಲಿನ ಒಂದು ವೈರನ್ನು ಮಾತ್ರ ತೆಗೆದುಕೊಂಡು, ಒಂದು ತುದಿಯನ್ನು ಬ್ಯಾಟರಿಯ ಋಣ ಕಂಬಕ್ಕೆ, ಇನ್ನೊಂದು ತುದಿಯನ್ನು ಎಂಜಿನ್ನಿನ ಲೋಹಕ್ಕೆ ಕಚ್ಚಿಸಿ ಸೆಲ್ಫ್ ಹೊಡೆಯಿರಿ. ಎಂಜಿನ್ ಚುರುಕಾಗಿ ತಿರುಗಿದರೆ ಕೊಳೆತದ್ದು ಅರ್ಥಿಂಗ್ ವೈರು ಎಂಬುದರಲ್ಲಿ ಸಂದೇಹವೇ ಬೇಡ.

ನೀವು ಜೀಪಿನಿಂದ ವಿದ್ಯುತ್ತು ಕೊಟ್ಟಾಗ ಏಕೆ ಪ್ರಯೋಜನವಾಗಲಿಲ್ಲ ಎಂಬುದಕ್ಕೂ ಇದೇ ಉತ್ತರ. ನೀವು ಕಪ್ಪು ಕ್ಲಿಪ್ಪನ್ನು ನಿಮ್ಮ ಬ್ಯಾಟರಿಗೇ ಕಚ್ಚಿಸಿರಬೇಕು.

ಉಣಗೋಲು

ಹೌದು, ಬ್ಯಾಟರಿಗೇ ಕಚ್ಚಿಸಿದ್ದೆ.

ಜಡಿಮಳೆ

ಹಾಗೆ ಕಚ್ಚಿಸಬಾರದು ಎನ್ನುವುದಕ್ಕೆ ಇನ್ನೊಂದು ಕಾರಣವೂ ಇದೆ. ಚಾರ್ಜ್ ಆಗುವ ಬ್ಯಾಟರಿಯಿಂದ ಹೈಡ್ರೋಜನ್ ಹೊರಬರುತ್ತದೆ. ಕೊನೆಯ ಕ್ಲಿಪ್ಪು ಕಚ್ಚುವಾಗ ಕಿಡಿ ಹಾರುತ್ತದೆ. ಆದ್ದರಿಂದ ಕೊನೆಯ ಕಪ್ಪು ಕ್ಲಿಪ್ಪನ್ನು ಬ್ಯಾಟರಿಯಿಂದ ದೂರ, ಎಂಜಿನ್ನಿನ ಲೋಹಕ್ಕೆ ಹಾಕಬೇಕು. ಹಾಗೆ ಹಾಕಿದ್ದರೆ ನಿಮ್ಮ ರೋಗ ಅಂದೇ ಗೊತ್ತಾಗುತ್ತಿತ್ತು.

ಇಳಿಜಾರಿನ ಬಗ್ಗೆಯೂ ಒಂದು ಮಾತು. ಎಂಜಿನ್ ಆಫ್ ಇರುವಾಗ ಬ್ರೇಕಿನ ಬೂಸ್ಟರಿಗೆ ನಿರ್ವಾತ ಸಿಗುವುದಿಲ್ಲ. ಎರಡು ಮೂರು ಸಲ ಒತ್ತಿದ ಮೇಲೆ ಪೆಡಲ್ ಕಲ್ಲಾಗುತ್ತದೆ. ಕೀಲಿಯನ್ನು ಪೂರ್ತಿ ಹೊರಗೆ ತೆಗೆದಿದ್ದರೆ ಸ್ಟೀರಿಂಗ್ ಲಾಕ್ ಆಗುತ್ತದೆ. ನಮ್ಮೂರಿನಲ್ಲಿ ಒಬ್ಬರು ಹೀಗೆ ಇಳಿಸಲು ಹೋಗಿ ಕಾರನ್ನು ತೋಟದ ಕಪ್ಪಿಗೆ (ನೀರು ಬಸಿಯುವ ಕಾಲುವೆಗೆ) ಇಳಿಸಿದ್ದಾರೆ. ದಯವಿಟ್ಟು ಚಕ್ರದ ಕಲ್ಲನ್ನು ನಂಬಿ ಮಲಗಬೇಡಿ.

ಘಾಟಿ ಚಾಲಕ

ಇಂಜೆಕ್ಷನ್ ಗಾಡಿಯನ್ನು ತಳ್ಳಿ ಸ್ಟಾರ್ಟ್ ಮಾಡಲೇಬಾರದು ಎಂದು ಕೇಳಿದ್ದೇನೆ. ಅದು ನಿಜವೇ?

ಕಾರ್ಬನ್ ಬ್ರಷ್

ಮಾಡಬಹುದು, ಆದರೆ ಪೆಟ್ರೋಲ್ ಪಂಪಿಗೂ ಕಂಪ್ಯೂಟರಿಗೂ ಸಾಕಾಗುವಷ್ಟು ಚಾರ್ಜ್ ಬ್ಯಾಟರಿಯಲ್ಲಿ ಉಳಿದಿರಬೇಕು. ಪೂರ್ತಿ ಸತ್ತ ಬ್ಯಾಟರಿಯಿದ್ದರೆ ಆಗುಂಬೆಯಿಂದ ಸೋಮೇಶ್ವರದವರೆಗೆ ಇಳಿಸಿದರೂ ಹತ್ತುವುದಿಲ್ಲ. ಎರಡನೆಯ ಗೇರಿನಲ್ಲಿ ಕ್ಲಚ್ ಬಿಡುವುದು ಒಳ್ಳೆಯದು. ಪದೇ ಪದೇ ಮಾಡಿದರೆ ಉರಿಯದ ಪೆಟ್ರೋಲು ಸೈಲೆನ್ಸರಿನ ಕಡೆಗೆ ಹೋಗಿ ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ಹಾಳುಮಾಡುತ್ತದೆ.

ಹಳೆಗಾಡಿ ಹೊಸನಗರ

ನಮ್ಮ ತಂದೆಯವರ ಕಾಲದ ಜೀಪಿಗೆ ಮುಂದಿನಿಂದ ಹ್ಯಾಂಡಲ್ ಹಾಕಿ ತಿರುಗಿಸುವ ಅನುಕೂಲವಿತ್ತು. ಹೆಬ್ಬೆರಳನ್ನು ಉಳಿದ ಬೆರಳುಗಳ ಪಕ್ಕದಲ್ಲೇ ಇಟ್ಟುಕೊಳ್ಳಬೇಕು, ಹ್ಯಾಂಡಲನ್ನು ಸುತ್ತಿ ಹಿಡಿಯಬಾರದು ಎಂದು ಅವರು ಗದರಿ ಕಲಿಸಿದ್ದರು. ಎಂಜಿನ್ ಹಿಂದಕ್ಕೆ ಒದ್ದರೆ ಹೆಬ್ಬೆರಳು ಉಳಿಯುತ್ತಿರಲಿಲ್ಲ.

ನಿವೃತ್ತ ಭೌತಶಾಸ್ತ್ರ, ಸಾಗರ

ಆ ಒದೆತದ ಭಯವೇ ಸೆಲ್ಫಿನ ಹುಟ್ಟಿಗೆ ಒಂದು ಕಾರಣ. ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸೆಲ್ಫ್ 1912ರ ಕ್ಯಾಡಿಲಾಕ್ ಕಾರುಗಳಲ್ಲಿ ಬಂತು. ಸಣ್ಣ ಮೋಟಾರಾದರೂ ಕೆಲವೇ ಸೆಕೆಂಡುಗಳ ಕಾಲ ತನ್ನ ಶಕ್ತಿಗೆ ಮೀರಿ ದುಡಿಯಲಿ ಎಂಬುದು ಅದರ ಹಿಂದಿನ ಯುಕ್ತಿ. ಹತ್ತು ಸೆಕೆಂಡಿನ ಮಿತಿ ಹೇಳಿದ್ದು ಅದಕ್ಕೇ.

ಉಣಗೋಲು

ತಡವಾಗಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ನಿನ್ನೆಯಿಂದ ಕರೆಂಟ್ ಇರಲಿಲ್ಲ.

ಕೆಂಪು (ಧನ) ಕಡೆಯಲ್ಲಿ 0.3 ವೋಲ್ಟ್ ಬಂತು. ಕಪ್ಪು (ಋಣ) ಕಡೆಯಲ್ಲಿ 3.4 ಬಂತು! ಮೊದಲು ಮೀಟರೇ ಕೆಟ್ಟಿದೆಯೆಂದು ಮೂರು ಸಲ ನೋಡಿದೆ. ಅಂದರೆ 11.3ರಲ್ಲಿ ಇವೆರಡನ್ನು ಕಳೆದರೆ ಸೆಲ್ಫ್ ಮೋಟಾರಿಗೆ ಸಿಗುತ್ತಿದ್ದದ್ದು ಬರಿಯ 7.6 ವೋಲ್ಟ್. ಬಳಿಕ ಜಂಪರ್ ಕೇಬಲ್ಲಿನ ಒಂದು ವೈರನ್ನು ಬ್ಯಾಟರಿಯಿಂದ ಎಂಜಿನ್ನಿಗೆ ಕಚ್ಚಿಸಿ ಅಮ್ಮನಿಗೆ ಕೀಲಿ ತಿರುಗಿಸಲು ಹೇಳಿದೆ. ಕಾರು ಎಷ್ಟು ಚುರುಕಾಗಿ ಹತ್ತಿತೆಂದರೆ ಅಮ್ಮ ಗಾಬರಿಯಿಂದ ಕೈ ತೆಗೆದರು.

ಬ್ಯಾಟರಿಯ ಋಣ ಕ್ಲಾಂಪನ್ನು ಮೊದಲು ಕಳಚಿ ಅರ್ಥಿಂಗ್ ವೈರು ಬಿಚ್ಚಿದೆ. ಗೇರ್‌ಬಾಕ್ಸಿನ ಮೇಲೆ ಅದರ ತುದಿ ಕೂತಿದ್ದ ಜಾಗದಲ್ಲಿ ಬೋಲ್ಟು ಯಾವುದು, ಕೆಸರು ಯಾವುದು ಎಂದು ತಿಳಿಯುತ್ತಿರಲಿಲ್ಲ. ಹೊರಗಿನ ಕಪ್ಪು ಹೊದಿಕೆ ಹೊಸದರಂತೆ ಹೊಳೆಯುತ್ತಿತ್ತು. ಚಾಕುವಿನಿಂದ ಸೀಳಿದರೆ ಒಳಗಿನ ತಾಮ್ರ ಹಸಿರು ಪುಡಿಯಾಗಿ ಉದುರಿತು. ಬೆರಳೆಣಿಕೆಯಷ್ಟು ಎಳೆಗಳು ಮಾತ್ರ ಕೆಂಪಗೆ ಉಳಿದಿದ್ದವು.

ಕಾರ್ಬನ್ ಬ್ರಷ್

ಹೊಸ ವೈರು ಹಾಕುವಾಗ ಹಳೆಯದರಷ್ಟೇ ಅಥವಾ ಅದಕ್ಕಿಂತ ದಪ್ಪನೆಯದನ್ನು ತನ್ನಿ. ಗೇರ್‌ಬಾಕ್ಸಿನ ಮೇಲಿನ ಜಾಗವನ್ನೂ ಬಾಡಿಯ ಮೇಲಿನ ಜಾಗವನ್ನೂ ಮರಳು ಕಾಗದದಿಂದ ಉಜ್ಜಿ ಬಿಳಿ ಲೋಹ ಕಾಣಿಸಿ. ಮೊದಲು ಬಿಗಿಯಿರಿ, ಆ ಮೇಲೆ ಮೇಲಿಂದ ವ್ಯಾಸಲೀನ್ ಅಥವಾ ಗ್ರೀಸ್ ಬಳಿಯಿರಿ. ಬ್ಯಾಟರಿ ಕಂಬದ ಮೇಲೆ ಬಿಳಿ ಹೂವು ಕಟ್ಟಿದ್ದರೆ ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ತೊಳೆಯಿರಿ. ಬ್ಯಾಟರಿಯ ಬಿರಡೆಗಳು ಮುಚ್ಚಿರಲಿ, ಸೋಡಾ ಒಳಗೆ ಹೋಗಬಾರದು.

ಉಣಗೋಲು

ಹಾಗೆಯೇ ಮಾಡಿದೆ. ಈಗ ಕಪ್ಪು ಕಡೆಯಲ್ಲಿ ಕಳೆದುಹೋಗುವುದು 0.1 ವೋಲ್ಟ್ ಮಾತ್ರ. ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ 14.1 ತೋರಿಸುತ್ತಿದೆ. ಆದರೆ ಒಂದು ವಿಚಿತ್ರವಿದೆ. ಸೆಲ್ಫ್ ಹೊಡೆಯುವಾಗ ಬ್ಯಾಟರಿ ಮೊದಲು 11.3ರಲ್ಲಿ ನಿಲ್ಲುತ್ತಿತ್ತು, ಈಗ 10.6ಕ್ಕೆ ಇಳಿಯುತ್ತದೆ. ರಿಪೇರಿ ಆದ ಮೇಲೆ ಕಡಿಮೆಯಾಗುವುದು ಹೇಗೆ?

ನಿವೃತ್ತ ಭೌತಶಾಸ್ತ್ರ, ಸಾಗರ

ಹಾಗೆಯೇ ಆಗಬೇಕು. ಮೊದಲು ಮೋಟಾರಿಗೆ ಹೊಟ್ಟೆತುಂಬ ವಿದ್ಯುತ್ತು ಸಿಗುತ್ತಿರಲಿಲ್ಲ, ಆದ್ದರಿಂದ ಬ್ಯಾಟರಿಗೂ ದಣಿವಿರಲಿಲ್ಲ. ಈಗ ಕೇಳಿದಷ್ಟು ಸಿಗುತ್ತಿದೆ. ಡೈನಮೋ ಕೂಡ ಎಂಜಿನ್ನಿನ ಮೈಗೇ ಬಿಗಿದಿರುತ್ತದೆ, ಅದರ ವಿದ್ಯುತ್ತೂ ಇದೇ ಕೊಳೆತ ವೈರನ್ನು ದಾಟಬೇಕಿತ್ತು. 14.1ರಲ್ಲಿ 0.7 ದಾರಿಯಲ್ಲೇ ಹೋಗಿ ನಿಮಗೆ 13.4 ಕಾಣುತ್ತಿತ್ತು. ಹೊಸ ಬ್ಯಾಟರಿ ಒಂದು ವಾರ ಚೆನ್ನಾಗಿದ್ದು ಸೊರಗಿದ್ದೂ ಹೀಗೆಯೇ. ಅಂಗಡಿಯಲ್ಲಿ ತುಂಬಿದ ಚಾರ್ಜ್ ಮುಗಿದ ಮೇಲೆ ಅದು ಎಂದೂ ಪೂರ್ತಿ ತುಂಬಲಿಲ್ಲ.

ತುಂಗಾತೀರ

ಡೈನಮೋ ಬಿಚ್ಚಿಸಿ ಎಂದ ನನ್ನ ಮಾತನ್ನು ಯಾರೂ ನೆನಪಿಟ್ಟುಕೊಳ್ಳದಿದ್ದರೆ ಒಳ್ಳೆಯದು.

ಸೊಪ್ಪಿನಬೆಟ್ಟ

ನನ್ನದೂ ಒಂದು ಕೇಳಿಕೆ. ಮೊನ್ನೆ ಹಳ್ಳದ ನೀರು ರಸ್ತೆಗೆ ಬಂದಿದ್ದಾಗ ಭಾವನವರು ಕಾರನ್ನು ನುಗ್ಗಿಸಿದರು. ನಡುವೆ ಎಂಜಿನ್ ನಿಂತಿತು. ಈಗ ಸೆಲ್ಫ್ ಹೊಡೆದರೆ ಟಕ್ ಎಂದು ಗೋಡೆಗೆ ಹೊಡೆದಂತೆ ನಿಲ್ಲುತ್ತದೆ. ಅದಕ್ಕೂ ಅರ್ಥಿಂಗ್ ನೋಡಲೇ?

ಕಾರ್ಬನ್ ಬ್ರಷ್

ಕೀಲಿಯನ್ನು ಮುಟ್ಟಲೇಬೇಡಿ. ಸಿಲಿಂಡರಿನೊಳಗೆ ನೀರು ಸೇರಿದೆ, ನೀರನ್ನು ಪಿಸ್ಟನ್ ಒತ್ತಲಾರದು. ಇನ್ನೆರಡು ಸಲ ಹೊಡೆದರೆ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಪೆಟ್ರೋಲ್ ಗಾಡಿಯಾದರೆ ಪ್ಲಗ್ಗುಗಳನ್ನು ಬಿಚ್ಚಿ ನೀರು ಹೊರಗೆ ತೆಗೆಸಬೇಕು, ಏರ್ ಫಿಲ್ಟರನ್ನೂ ಆಯಿಲನ್ನೂ ಬದಲಾಯಿಸಬೇಕು. ಗಾಡಿಯನ್ನು ಎಳೆಸಿಕೊಂಡು ಹೋಗಿ, ಓಡಿಸಿಕೊಂಡಲ್ಲ.

ಹಳೆಗಾಡಿ ಹೊಸನಗರ

ನೋಡಿದಿರಾ, ಕೊನೆಗೂ ಒಬ್ಬರಿಗೆ ಆಯಿಲ್ ಬದಲಾಯಿಸಬೇಕಾಯಿತು.

ಜಡಿಮಳೆ

ಉಣಗೋಲಿನವರೇ, ಬದಲಿಗೆ ಕೊಟ್ಟ ಹಳೆಯ ಬ್ಯಾಟರಿಗೆ ಎಷ್ಟು ವರ್ಷವಾಗಿತ್ತು?

ಉಣಗೋಲು

ಹದಿನಾಲ್ಕು ತಿಂಗಳು. ಅದನ್ನು ಮಾತ್ರ ಕೇಳಬಾರದಿತ್ತು ಅಕ್ಕ.